ಮುರಿಗೆಪ್ಪನವರ ಕ್ಯಾಸರೋಲ್

ಮುರಿಗೆಪ್ಪನವರನ್ನು ನಾನು ಮೊದಲು ಕಂಡ ದಿನ ಸ್ಟ್ರೀಟ್ಸ್‌ವಿಲ್ಲಿನ ಹಿರಿಯರ ಕ್ಲಬ್ಬಿನಲ್ಲಿ ಊಟಕ್ಕೆ ಕೂತವರಿಗೆಲ್ಲ ಗಂಟಲು ತುರಿಸುತ್ತಿತ್ತು. ತುರಿಸುವಂತೆ ಮಾಡಿದವರು ಮುರಿಗೆಪ್ಪನವರೇ. ಅಲ್ಲಿ ಸಂತೋಷದಿಂದ ನಿಂತಿದ್ದವರೂ ಅವರೊಬ್ಬರೇ.

ಅದು 2015ರ ಅಕ್ಟೋಬರ್. ಇಲ್ಲಿ ಆಗ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಬೆಳೆ ಮನೆಗೆ ಬಂದದ್ದಕ್ಕೆ ದೇವರಿಗೆ ಥ್ಯಾಂಕ್ಸ್ ಹೇಳುವುದಂತೆ. ಕ್ಲಬ್ಬಿನಲ್ಲಿ ಬೆಳೆ ಬೆಳೆದವರು ಯಾರೂ ಇರಲಿಲ್ಲ, ತಿನ್ನುವವರೇ ಇದ್ದೆವು. ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತಂದು ಮೇಜಿನ ಮೇಲಿಡಬೇಕು, ಎಲ್ಲರೂ ಹಂಚಿಕೊಂಡು ಉಣ್ಣಬೇಕು. ಯಾರು ಏನು ತರುವುದೆಂದು ಹೇಳುವವರು ಮಾರ್ಜರಿ. ಬಹಳ ಒಳ್ಳೆಯ ಹೆಂಗಸು. ನಮ್ಮ ಅಡುಗೆಯ ಮೇಲೆ ಎಷ್ಟು ಗೌರವವೆಂದರೆ, ನಮಗೆ ಅಡುಗೆ ಮಾಡುವ ತೊಂದರೆಯನ್ನೇ ಕೊಡುತ್ತಿರಲಿಲ್ಲ. ಆ ವರ್ಷ ಹೊಸದಾಗಿ ಸೇರಿದ ನನಗೆ ಕೈ ಒರೆಸುವ ಕಾಗದ ತರಲು ಹೇಳಿದರು. ಮುರಿಗೆಪ್ಪನವರು ಮೂರು ವರ್ಷದಿಂದ ಕಾಗದದ ತಟ್ಟೆ ತರುತ್ತಿದ್ದರು.

ಅವರು ಬೈಲಹೊಂಗಲ ಕಡೆಯವರು, ಶಾಲೆಯಲ್ಲಿ ಡ್ರಿಲ್ ಮಾಸ್ತರಾಗಿದ್ದವರು. ಹೆಂಡತಿ ತೀರಿದ ಮೇಲೆ ಮಗಳು ಸಂಜನಾಳ ಮನೆಗೆ ಬಂದಿದ್ದರು. ಊರಲ್ಲಿ ಯಾರ ಮನೆಯ ಮದುವೆಯಾದರೂ ಹೋಳಿಗೆಯ ಬುಟ್ಟಿ ಹಿಡಿದು ಪಂಕ್ತಿಯಲ್ಲಿ ಓಡಾಡುವವರು ಇವರೇ ಆಗಬೇಕಿತ್ತು.

“ಬರೇ ಉಣ್ಣಾಕ ಹೋದ್ರ ನಮ್ಮ ಕಡೆ ಮಂದಿ ನಗ್ತಾರ್ರಿ ಅಕ್ಕಾರ,” ಎಂದು ಆಮೇಲೆ ನನಗೆ ಹೇಳಿದ್ದರು. “ನಾ ತಂದದ್ದು ನಾಕು ಮಂದಿ ಉಂಡು ಬುಟ್ಟಿ ಖಾಲಿ ಆಗಬೇಕು. ತಾಟು ಯಾರು ಉಣ್ತಾರ್ರಿ?”

ಈ ದೇಶದಿಂದ ಅವರಿಗೆ ಬೇಕಾದದ್ದು ಅಷ್ಟೇ. ದೇಶವು ಕಾರ್ಡು ಕೊಟ್ಟಿತು, ಪುಕ್ಕಟೆ ಆಸ್ಪತ್ರೆ ಕೊಟ್ಟಿತು, ಬಸ್ಸಿನಲ್ಲಿ ಎದ್ದು ಸೀಟು ಕೊಟ್ಟಿತು. ಅದೊಂದನ್ನು ಮಾತ್ರ ಕೊಡಲಿಲ್ಲ.

ಆ ವರ್ಷ ಮಾರ್ಜರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಪ್ರತಿ ವರ್ಷ ತಾವೇ ಮಾಡುತ್ತಿದ್ದ ಯಾಮ್ ಕ್ಯಾಸರೋಲನ್ನು ಈ ಸಲ ಯಾರು ತರುತ್ತೀರಿ ಎಂದು ಅವರು ಕೇಳಿದ್ದೇ ತಡ, ಮುರಿಗೆಪ್ಪನವರು ಅಟೆನ್ಷನ್ನಿನಲ್ಲಿ ಎದ್ದು ನಿಂತರಂತೆ.

ಯಾಮ್ ಕ್ಯಾಸರೋಲ್ ಎಂದರೆ ಬೇಯಿಸಿ ಹಿಸುಕಿದ ಗೆಣಸು. ಅದಕ್ಕೆ ಬೆಣ್ಣೆ, ಸಕ್ಕರೆ ಹಾಕಿ, ಗಾಜಿನ ತಟ್ಟೆಯಲ್ಲಿ ಹರಡಿ, ಮೇಲೆ ಮಾರ್ಷ್‌ಮ್ಯಾಲೋ ಎಂಬ ಹತ್ತಿಯಂಥ ಬಿಳಿ ಮಿಠಾಯಿ ಇಟ್ಟು ಓವನ್ನಿನಲ್ಲಿ ಕೆಂಪಗೆ ಮಾಡುತ್ತಾರೆ. ಮೂರು ವರ್ಷ ತಿಂದಿದ್ದರಿಂದ ಅದು ಗೆಣಸೆಂದು ಮುರಿಗೆಪ್ಪನವರಿಗೆ ಗೊತ್ತಿತ್ತು. ಮನೆಯ ಹಿಂದಿನ ಅಂಗಡಿಯಲ್ಲೂ ಅದೇ ಕೇಸರಿ ಬಣ್ಣದ ಗೆಣಸಿನ ರಾಶಿಯ ಮೇಲೆ ‘ಯಾಮ್’ ಎಂದು ಬೋರ್ಡಿತ್ತು. ಬೇರೆ ಯಾರಾದರೂ ಆಗಿದ್ದರೆ ಅದನ್ನೇ ತಂದು ಬೇಯಿಸುತ್ತಿದ್ದರು. ಇವರು ಮಾಸ್ತರು. ತಪ್ಪು ಕಂಡರೆ ತಿದ್ದದೆ ಇರಲಾರರು. ಡಿಕ್ಷನರಿಯಲ್ಲಿ ಯಾಮ್ ಎಂದರೆ ಸುವರ್ಣಗೆಡ್ಡೆ ಎಂದಿತ್ತು. ಪಾಪ, ಆ ಹೆಂಗಸಿಗೆ ನಿಜವಾದ ಯಾಮ್ ಸಿಕ್ಕದೆ ಇಷ್ಟು ವರ್ಷ ಗೆಣಸಿನಲ್ಲಿ ಸುಧಾರಿಸಿದ್ದಾಳೆ ಎಂದುಕೊಂಡರು.

ರೈಲು ಹತ್ತಿ, ಟ್ರಾಮ್ ಹತ್ತಿ, ಜೆರಾರ್ಡ್ ಇಂಡಿಯಾ ಬಜಾರಿಗೆ ಹೋಗಿ ಆನೆಯ ಕಾಲಿನಷ್ಟು ದಪ್ಪದ ಸುವರ್ಣಗೆಡ್ಡೆ ಹೊತ್ತು ತಂದರು. ಹೆಚ್ಚುವಾಗ ಕೈ ತುರಿಸಿದ್ದು ಮಗಳು ತಂದ ಹೊಸ ಸೋಪಿನ ದೋಷವೆಂದು ತೀರ್ಮಾನವಾಯಿತು. ಬಡಿಸುವವನು ಮೊದಲು ತಿನ್ನಬಾರದೆಂದು ರುಚಿಯನ್ನೂ ನೋಡಲಿಲ್ಲ. ಇನ್ನು ಕ್ಯಾಸರೋಲ್ ಎಂದರೆ ನಮ್ಮಲ್ಲಿ ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಿ. ಅದನ್ನೂ ತಿಳಿಯದೆ ಗಾಜಿನ ತಟ್ಟೆಯಲ್ಲಿ ತರುತ್ತಾಳಲ್ಲ ಎಂದು ಮಗಳ ಕೆಂಪು ಡಬ್ಬಿಯಲ್ಲೇ ತುಂಬಿದರು. ಒಂದೇ ಸಲಕ್ಕೆ ಎರಡು ತಪ್ಪು ತಿದ್ದಿದ ಹಾಗಾಯಿತು.

ಮಾರ್ಜರಿ ಮೊದಲ ಚಮಚ ತಿಂದು “ಇಂಟರೆಸ್ಟಿಂಗ್” ಎಂದರು. ಇಲ್ಲಿ ಹಾಗೆಂದರೆ ನುಂಗಲು ಆಗುತ್ತಿಲ್ಲವೆಂದು ಅರ್ಥ. ಆಮೇಲೆ ಒಬ್ಬೊಬ್ಬರೇ ಕೆಮ್ಮತೊಡಗಿದರು. ಬಿಲ್ ಎಂಬ ಮುದುಕರು ಆಂಬುಲೆನ್ಸ್ ಕರೆಯೋಣವೇ ಎಂದರು. ನಾನು ಚೂರು ನಾಲಗೆಗೆ ಇಟ್ಟೆ. ಉಡುಪಿಯವಳಿಗೆ ಅಷ್ಟು ಸಾಕು.

“ಇದು ಸುವರ್ಣಗೆಡ್ಡೆಯಾ ಮಾಷ್ಟ್ರೆ? ಹುಣಸೆಹುಳಿ ಹಾಕ್ಲಿಲ್ವಾ?”

“ಸಿಹಿ ಪದಾರ್ಥಕ್ಕ ಹುಣಸಿ ಯಾಕ್ರಿ ಅಕ್ಕಾರ?”

“ತುರಿಕೆ ಹೋಗ್ಲಿಕ್ಕೆ ಮಾರಾಯ್ರೆ. ಅಲ್ಲಿ ನೋಡಿ, ಆ ಮುದುಕರು ನಾಲಗೆ ಕೆರೀತಾ ಇದ್ದಾರೆ.”

ಅಲ್ಲಿ ಹುಣಸೆ ಎಲ್ಲಿಂದ ಬರಬೇಕು? ಮೇಜಿನ ಮೂಲೆಯಲ್ಲಿ ಕ್ರ್ಯಾನ್‌ಬೆರಿ ಎಂಬ ಕೆಂಪು ಹುಳಿಹಣ್ಣಿನ ಗೊಜ್ಜು ಒಂದು ಬಟ್ಟಲು ಇತ್ತು. ಅದು ಹಬ್ಬಕ್ಕೆ ಮೇಜಿನ ಮೇಲೆ ಇರಲೇಬೇಕು, ತಿನ್ನಲೇಬೇಕೆಂದಿಲ್ಲ. ನಾನು ಬಟ್ಟಲು ಎತ್ತಿಕೊಂಡು “ಈಟ್, ಈಟ್” ಎನ್ನುತ್ತ ಎಲ್ಲರ ಬಾಯಿಗೂ ಒಂದೊಂದು ಚಮಚ ಹಾಕಿಸಿದೆ. ನನ್ನ ಇಂಗ್ಲಿಷ್ ಅಷ್ಟೇ, ಆ ದಿನಕ್ಕೆ ಅಷ್ಟೇ ಬೇಕಿತ್ತು. ತುರಿಕೆ ಇಳಿಯಿತು. ಬಟ್ಟಲು ಖಾಲಿಯಾದದ್ದು ಕಂಡು ಅದನ್ನು ಮಾಡಿ ತಂದಿದ್ದ ಬಿಲ್ ಅವರ ಹೆಂಡತಿಗೆ ಕಣ್ಣಲ್ಲಿ ನೀರೇ ಬಂತು.

ಮರುವರ್ಷ ಮಾರ್ಜರಿ ಮುರಿಗೆಪ್ಪನವರ ಕೈ ಹಿಡಿದು, ನೀವು ಏನೂ ತರಬೇಡಿ, ನೀವು ಬಂದರೆ ಸಾಕು ಎಂದರು. ಎಷ್ಟು ಪ್ರೀತಿಯಿಂದ ಹೇಳಿದರೆಂದರೆ ಕಾಗದದ ತಟ್ಟೆಯೂ ಹೋಯಿತು. ಮುರಿಗೆಪ್ಪನವರು ಆ ವರ್ಷ ಊಟಕ್ಕೆ ಬರಲಿಲ್ಲ.

2017ರ ಬೇಸಗೆಯಲ್ಲಿ ಒಂದು ದಿನ ಗೆಣಸು ಹಿಡಿದುಕೊಂಡು ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು.

“ಕಲಿಸ್ರಿ ಅಕ್ಕಾರ.”

“ಯಾವುದು ಇದು? ಗೆಣಸಾ, ಯಾಮಾ?”

“ನಿಮಗ ಏನ್ ಬೇಕೋ ಅದನ್ನ ಅನ್ರಿ.”

ಅವರ ಕೈಯಲ್ಲಿ ಮಾರ್ಷ್‌ಮ್ಯಾಲೋ ಪ್ಯಾಕೆಟ್ಟೂ ಇತ್ತು. ಅದರಲ್ಲಿ ಪ್ರಾಣಿಗಳ ಎಲುಬಿನಿಂದ ಮಾಡಿದ ಅಂಟು ಇರುತ್ತದೆಂದು ನನ್ನ ಸೊಸೆ ಹಿಂದೆಯೇ ಹೇಳಿದ್ದಳು. ನಾನು ತಿಳಿಸಿದೆ. ಮೂರು ವರ್ಷ ಮಾರ್ಜರಿಯ ಕೈಯದನ್ನು ಚಪ್ಪರಿಸಿ ತಿಂದವರು ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡರು.

“ಗೊತ್ತಿಲ್ದ ತಿಂದದ್ದು ತಿಂದಂಗಲ್ರಿ,” ಎಂದು ತಾವೇ ತೀರ್ಪು ಕೊಟ್ಟರು.

ಗೆಣಸನ್ನು ಹಬೆಯಲ್ಲಿ ಬೇಯಿಸಿದೆ. ನೀರಿನಲ್ಲಿ ಬೇಯಿಸಿದರೆ ಸಡಿಲವಾಗಿ ತಟ್ಟೆಯಲ್ಲಿ ನಿಲ್ಲುವುದಿಲ್ಲ. ಬಿಸಿ ಇರುವಾಗಲೇ ಸಿಪ್ಪೆ ತೆಗೆದು, ನಾರು ಉಳಿಯದಂತೆ ಹಿಸುಕಿ, ಬೆಲ್ಲ, ತುಪ್ಪ, ಏಲಕ್ಕಿ ಸೇರಿಸಿದೆ. ಅವರು ಒಂದು ಉಂಡೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

“ಅಕ್ಕಾರ, ಇದು ಹೂರಣ ಐತ್ರಿ. ಗೆಣಸಿನ ಹೋಳಿಗಿ ಹೂರಣ. ಈ ಮಂದಿ ಕಣಕ ಕಲಸೂದು ಮರ್ತು ಹಂಗ ಒಲಿಯಾಗ ಇಟ್ಟಾರ.”

“ತಿದ್ದಲಿಕ್ಕೆ ಹೋಗ್ಬೇಡಿ ಮಾಷ್ಟ್ರೆ.”

“ಇಲ್ರಿ, ಇಲ್ರಿ.”

ಮಾರ್ಷ್‌ಮ್ಯಾಲೋ ಜಾಗದಲ್ಲಿ ತೆಂಗಿನ ತುರಿ ಹರಡಿ ಓವನ್ನಿನಲ್ಲಿ ಕೆಂಪಗೆ ಮಾಡಿದೆವು. “ಈ ಸಲ ತುರಿ ಮೇಲೆ ಮಾತ್ರ, ಗಂಟಲಲ್ಲಿ ಅಲ್ಲ,” ಎಂದೆ. ಅವರು ನಗಲಿಲ್ಲ. ಹಬ್ಬದವರೆಗೂ ಪ್ರತಿ ಶನಿವಾರ ಮನೆಯಲ್ಲಿ ಅದನ್ನೇ ಮಾಡಿದರು. ಸಂಜನಾ ನನಗೆ ಫೋನ್ ಮಾಡಿ, “ಆಂಟಿ, ಪ್ಲೀಸ್, ಅಪ್ಪಾಗ ಬ್ಯಾರೆ ಏನರೆ ಕಲಿಸ್ರಿ,” ಎಂದು ಬೇಡಿಕೊಂಡಳು.

ಆ ಅಕ್ಟೋಬರಿನಲ್ಲಿ, ಯಾರೂ ಹೇಳದಿದ್ದರೂ, ಗಾಜಿನ ತಟ್ಟೆ ಹೊತ್ತು ತಂದು ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತರು. ಜನ ಬಂದರು, ತಟ್ಟೆ ನೋಡಿದರು, ಅವರನ್ನು ನೋಡಿದರು, ನಗುನಗುತ್ತ ಮುಂದೆ ಹೋದರು. ಮಾರ್ಜರಿ ಮಾತ್ರ ದೊಡ್ಡ ಮನಸ್ಸು ಮಾಡಿ ಒಂದು ತುಂಡು ತೆಗೆದುಕೊಂಡು, ನಾನು ತಂದಿದ್ದ ಕೈ ಒರೆಸುವ ಕಾಗದದ ಕೆಳಗೆ ಇಟ್ಟರು. ತಟ್ಟೆ ತುಂಬಿದಂತೆಯೇ ಮನೆಗೆ ಹೋಯಿತು.

“ಗಂಟಲಿಗೆ ಮರೆವಿಲ್ರಿ ಅಕ್ಕಾರ,” ಎಂದರು ಬಸ್ಸಿನಲ್ಲಿ.

2018ರಲ್ಲಿ ಹಬ್ಬಕ್ಕೆ ಮುಂಚೆ ಎದೆನೋವೆಂದು ಆಸ್ಪತ್ರೆ ಸೇರಿದರು. ನೋಡಲು ಹೋದರೆ ಎದೆಯ ಮಾತೇ ಇಲ್ಲ.

“ಈ ಸಲ ನೀವ ಮಾಡಿ ಒಯ್ರಿ. ನನ್ನ ಹೆಸರು ಹೇಳಬ್ಯಾಡ್ರಿ.”

“ಮತ್ತೆ ನಿಮಗೆ ಎಂತ ಸಿಕ್ಕಿದ ಹಾಗಾಯ್ತು ಮಾಷ್ಟ್ರೆ?”

“ತಾಟು ಖಾಲಿ ಆಗ್ಲಿ. ಆಮ್ಯಾಲ ಹೇಳ್ರಿ.”

ಅವರು ಹೇಳಿದಂತೆಯೇ ಮಾಡಿದೆ. ಏಲಕ್ಕಿಯನ್ನೂ ಅವರ ಅಳತೆಯಲ್ಲೇ, ಕೊಂಚ ಜಾಸ್ತಿಯೇ ಹಾಕಿದೆ. ಪಕ್ಕದಲ್ಲಿ ಅವರು ಸಿಪಾಯಿಯಂತೆ ನಿಂತಿರಲಿಲ್ಲವಲ್ಲ, ಜನ ಧೈರ್ಯವಾಗಿ ಬಡಿಸಿಕೊಂಡರು. ಬಿಲ್ ಎರಡನೆಯ ಸಲ ಬಂದರು. ಕೊನೆಗೆ ಮಾರ್ಜರಿ ಅಂಚಿಗೆ ಹತ್ತಿದ್ದನ್ನು ಚಮಚದಿಂದ ಕೆರೆಯುತ್ತ, ಇದನ್ನು ಮಾಡಿದವರು ಯಾರು ಎಂದು ಕೇಳಿದರು.

“ಮುರಿಗೆಪ್ಪ,” ಎಂದೆ.

ಚಮಚ ನಿಂತಿತು. ಮಾರ್ಜರಿ ತಮ್ಮ ಗಂಟಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು. ಆಮೇಲೆ ಉಳಿದದ್ದನ್ನೂ ಕೆರೆದು ತಿಂದರು. ಕ್ರ್ಯಾನ್‌ಬೆರಿಯ ಬಟ್ಟಲು ಬಂದ ಹಾಗೆಯೇ ತುಂಬಿಕೊಂಡು ಬಿಲ್ ಅವರ ಹೆಂಡತಿಯ ಜೊತೆ ಮನೆಗೆ ಹೋಯಿತು.

ಮರುದಿನ ಆ ತಟ್ಟೆಯನ್ನು ತೊಳೆಯದೆ ಆಸ್ಪತ್ರೆಗೆ ಒಯ್ದೆ. ಹೆಸರು ಆಮೇಲೆಯೇ ಹೇಳಿದ್ದೆಂದೂ, ಮಾರ್ಜರಿಯೇ ಕೆರೆದು ತಿಂದರೆಂದೂ ಹೇಳಿದೆ. ಮೂಗಿನಲ್ಲಿ ನಳಿಗೆ ಇದ್ದರೂ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಅಂಚು ಅಂಚು ಪರೀಕ್ಷೆ ಮಾಡಿದರು. ನನ್ನ ಮುಖವನ್ನೂ ಅದೇ ರೀತಿ ನೋಡಿದರು. ಆ ವಾರ ಅವರು ದಾಟಲಿಲ್ಲ. ನನ್ನನ್ನು ಅವರು ಕೊನೆಯದಾಗಿ ಕೇಳಿದ್ದು ಆಗಲೇ.

“ಖಾಲಿ ಆಗೇತಿ, ಖರೆ. ಆದ್ರ ಅಕ್ಕಾರ, ಯಾರರೆ ಕ್ರ್ಯಾನ್‌ಬೆರಿ ಬೇಡಿದ್ರೇನ್ರಿ?”