ಯಾರೂ ಇತ್ತ ನೋಡಬೇಡಿ

ದ್ವಾರಕನಾಥನ ಆಫೀಸು ಸಿಂಗಪುರದ ಒನ್-ನಾರ್ತ್‌ನಲ್ಲಿ. ಅಮೆರಿಕದ ಕಂಪನಿ. ಅಲ್ಲಿ ಏಸಿ ಎಷ್ಟು ಜೋರೆಂದರೆ, ಇಂಟರ್‌ವ್ಯೂಗೆ ಪೆಂಗ್ವಿನ್ನನ್ನು ಕರೆದರೂ ಅದು ಮೊದಲು ಶಾಲು ಕೇಳಿ, ಆಮೇಲೆ ಸಂಬಳದ ಮಾತೆತ್ತೀತು. 2014ರಲ್ಲಿ ಒಂದು ಶನಿವಾರ ಆ ಏಸಿಯ ಕೊಳವೆ ಸೋರಿತು. ಪ್ಯಾಂಟ್ರಿಗೆ ಹೋಗುವ ಓಣಿಯ ಗೋಡೆಯ ಮೇಲೆ ನೀರಿಳಿದು, ಅಲ್ಲಿದ್ದ ದೊಡ್ಡ ಫೋಟೋಗಳಲ್ಲೊಂದು ಹಪ್ಪಳದ ಹಾಗೆ ಉಬ್ಬಿ ಹಾಳಾಯಿತು. ನನ್ನ ಸ್ನೇಹಿತನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಆ ಓಣಿಯ ತುಂಬ ಅಮೆರಿಕದ ಆಟೋಟಗಳ ಪ್ರಸಿದ್ಧ ಫೋಟೋಗಳಿದ್ದವು. ನೌಕರರಿಗೆ ಸ್ಫೂರ್ತಿ ಬರಲಿ ಎಂದು ಹೆಡ್ ಆಫೀಸಿನವರು ಕಳಿಸಿಕೊಟ್ಟದ್ದು. ಒಂದರಲ್ಲಿ, ನೆಲಕ್ಕೆ ಬಿದ್ದ ಎದುರಾಳಿಯ ಪಕ್ಕದಲ್ಲಿ ನಿಂತು ತೋಳು ಮಡಚಿ ಗದರುತ್ತಿರುವ ಬಾಕ್ಸರ್. ಇನ್ನೊಂದರಲ್ಲಿ, ಬೆನ್ನು ನಮ್ಮ ಕಡೆಗೆ ಮಾಡಿ ಗೋಡೆಯತ್ತ ಓಡುತ್ತ, ಹೆಗಲ ಮೇಲಿಂದ ಬರುವ ಚೆಂಡನ್ನು ಹಿಡಿಯುತ್ತಿರುವ ಬೇಸ್‌ಬಾಲ್ ಆಟಗಾರ. ಮತ್ತೊಂದರಲ್ಲಿ ಅಮೆರಿಕನ್ ಫುಟ್‌ಬಾಲಿನವನೊಬ್ಬ, ಹೆಲ್ಮೆಟ್ ಕಳಚಿಹೋಗಿ, ಬೋಳುತಲೆಯಿಂದ ರಕ್ತ ಇಳಿಯುತ್ತಿರಲು ಮಂಡಿಯೂರಿ ಕೂತಿದ್ದಾನೆ. ಕೊನೆಯದರಲ್ಲಿ ಬಾಸ್ಕೆಟ್‌ಬಾಲ್ ಗಾಳಿಯಲ್ಲಿದೆ, ಹಿಂದೆ ಕೂತ ಸಾವಿರ ಜನ ಉಸಿರು ಬಿಗಿಹಿಡಿದಿದ್ದಾರೆ.

ದ್ವಾರಕನಾಥನಿಗೆ ಬೇಸ್‌ಬಾಲಿನ ಗಂಧಗಾಳಿ ಇರಲಿಲ್ಲ. ಮೈಸೂರಿನವನು, ಕ್ಯಾಚ್ ಹಿಡಿದರೆ ಔಟು ಎನ್ನುವಷ್ಟರ ಮೇಲೆ ಆ ಆಟವನ್ನು ಅಂದಾಜು ಮಾಡಿಕೊಂಡಿದ್ದ. ಆದರೂ ಕಾಫಿ ತುಂಬಿಸಿಕೊಳ್ಳಲು ಹೋದವನು ಆ ಫೋಟೋಗಳ ಮುಂದೆ ನಿಂತರೆ ಕಾಫಿ ಐಸ್‌ಕ್ರೀಮ್ ಆಗುವವರೆಗೆ ಅಲುಗುತ್ತಿರಲಿಲ್ಲ. ಒಂದು ದಿನ ಅವುಗಳನ್ನೆಲ್ಲ ಮೊಬೈಲಿನಲ್ಲಿ ತೆಗೆದುಕೊಂಡು ಬಂದು ಹೆಂಡತಿ ವೇದಾವತಿಗೆ ತೋರಿಸಿದ. ನಾನೂ ಅಲ್ಲೇ ಕೂತಿದ್ದೆ. ಬೇಡೋಕ್‌ನ ಅದೇ ಬ್ಲಾಕಿನಲ್ಲಿ ಅವರ ಮೇಲಿನ ಮಹಡಿಯವನು ನಾನು, ವಯಸ್ಸಿನಲ್ಲಿ ಹಿರಿಯ. ಅವರ ಮನೆ ಕಾಫಿಗೆ ಕಾಯಂ ಗಿರಾಕಿ.

"ನೋಡೇ ವೇದಾ, ಒಬ್ಬನೇ ಒಬ್ಬ ಕ್ಯಾಮೆರಾ ಕಡೆ ನೋಡ್ತಿಲ್ಲ," ಎಂದ.

"ಪಾಪ, ಅವರಿಗೆ ಯಾರೂ ಹೇಳಿರಲ್ಲ," ಎಂದಳು ವೇದಾವತಿ.

"ಹೇಳಬಾರದು ಕಣೇ. ಅದೇ ಪಾಯಿಂಟು."

"ಈ ರಕ್ತದವನಿಗೆ ಒಂದು ಟವೆಲ್ಲಾದ್ರೂ ಕೊಡಬಾರದಿತ್ತಾ? ಒರೆಸ್ಕೊಂಡು ನೀಟಾಗಿ ಕೂತ್ಕೋತಿದ್ದ."

ದ್ವಾರಕನಾಥ ಕೆಲಸದಲ್ಲಿ ಟೆಸ್ಟರ್. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ಅವನು ಹಿಡಿದ ತಪ್ಪುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಮರೀನಾ ಬೇ ಹೋಟೆಲಿನ ನೆತ್ತಿಯ ಮೇಲಿನ ಹಡಗಿಗೆ ಮೆಟ್ಟಿಲಾಗುತ್ತಿತ್ತು. ಆದರೆ ತಪ್ಪು ಹಿಡಿದವನ ಹೆಸರನ್ನು ಯಾರೂ ಎಲ್ಲಿಯೂ ಹಾಕುವುದಿಲ್ಲ. ಸಾಫ್ಟ್‌ವೇರ್ ಓಡಿದರೆ ಬರೆದವನಿಗೆ ಚಪ್ಪಾಳೆ, ನಿಂತರೆ ಇವನಿಗೆ ಮೀಟಿಂಗ್. ಹೀಗಿರುವಾಗ ಆಫೀಸಿನಿಂದ ಒಂದು ಮೇಲ್ ಬಂತು. ಹಾಳಾದ ಫೋಟೋದ ಜಾಗಕ್ಕೆ ಸಿಂಗಪುರದ ನೌಕರರೇ ತೆಗೆದ ಒಂದು ಆಟದ ಕ್ಷಣದ ಫೋಟೋ ಹಾಕಲಾಗುವುದು, ಕೆಳಗೆ ತೆಗೆದವರ ಹೆಸರಿರುವುದು, ತಿಂಗಳ ಕೊನೆಯೊಳಗೆ ಕಳಿಸತಕ್ಕದ್ದು.

ಗೋಡೆಯ ಮೇಲೆ ಚೌಕಟ್ಟು ತೆಗೆದಿದ್ದ ಜಾಗ ಬೆಳ್ಳಗೆ ಉಳಿದಿತ್ತು. ಅದರ ಎಡಕ್ಕೆ ಬಾಕ್ಸರ್, ಬಲಕ್ಕೆ ಬೇಸ್‌ಬಾಲಿನವನು. ಆ ಇಬ್ಬರ ನಡುವೆ ತನ್ನ ಫೋಟೋ, ಅದರಡಿ ತನ್ನ ಹೆಸರು. ದ್ವಾರಕನಾಥನಿಗೆ ಇನ್ನೇನೂ ಬೇಡವಾಯಿತು.

ಒಂದು ಲೆನ್ಸ್ ಬಾಡಿಗೆಗೆ ತಂದ. ಅದರ ಉದ್ದ ಏನು ಹೇಳಲಿ. ಎಂಆರ್‌ಟಿ ರೈಲಿನಲ್ಲಿ ಲೆನ್ಸಿನ ಮುಂದಿನ ತುದಿ ಕಾಮನ್‌ವೆಲ್ತ್ ಸ್ಟೇಷನ್ ಮುಟ್ಟಿದಾಗ, ಹಿಂದಿನ ತುದಿಯಲ್ಲಿದ್ದ ದ್ವಾರಕನಾಥ ಇನ್ನೂ ಬೋನ ವಿಸ್ತಾ ಸ್ಟೇಷನ್ನಿನ ಗೇಟಿಗೆ ಕಾರ್ಡ್ ತಟ್ಟುತ್ತಿದ್ದ. ಅದನ್ನು ಹೊತ್ತು ಈಸ್ಟ್ ಕೋಸ್ಟ್ ಪಾರ್ಕಿಗೆ ಹೋದರೆ, ಏದುಸಿರು ಬಿಡುತ್ತ ಓಡುತ್ತಿದ್ದವರೆಲ್ಲ ಲೆನ್ಸ್ ಕಂಡೊಡನೆ ಎರಡು ಬೆರಳೆತ್ತಿ ಹಲ್ಲು ಕಿರಿದರು. ಒಬ್ಬ ಓಟ ನಿಲ್ಲಿಸಿ, ಹೊಟ್ಟೆ ಒಳಗೆಳೆದುಕೊಂಡು, ಮತ್ತೆ ಓಡಿದ. ಕಮ್ಯುನಿಟಿ ಕ್ಲಬ್ಬಿನಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದ ಚೀನೀ ಮುದುಕರೊಬ್ಬರು ಸ್ಮ್ಯಾಶ್ ಹೊಡೆಯಲು ಹಾರಿದವರು ಗಾಳಿಯಲ್ಲೇ ತಿರುಗಿ, "ವೇಟ್ ಲಾ, ಮೈ ಗುಡ್ ಸೈಡ್ ಈಸ್ ದಿಸ್ ಒನ್," ಎಂದರು, ಇಲ್ಲಿನವರ ಮಾತಿಗೆಲ್ಲ ಅಂಟಿಕೊಂಡಿರುವ 'ಲಾ' ಸಮೇತ. ಹಾಗೆ ಹೇಳಿ ಮುಗಿಸುವವರೆಗೂ ಅವರು ಕೆಳಗೆ ಇಳಿಯಲಿಲ್ಲವೆಂದು ದ್ವಾರಕನಾಥ ಆಣೆ ಇಟ್ಟು ಹೇಳುತ್ತಾನೆ.

ಉಳಿದದ್ದು ಒಂದೇ ಅವಕಾಶ: ನಮ್ಮ ಕನ್ನಡದವರ ಕ್ರೀಡಾದಿನದ ಹೆಂಗಸರ ಥ್ರೋಬಾಲ್ ಫೈನಲ್. ಬೇಡೋಕ್ ತಂಡಕ್ಕೂ ಸೆಂಗ್‌ಕಾಂಗ್ ತಂಡಕ್ಕೂ. ಬೇಡೋಕ್ ಕಡೆ ವೇದಾವತಿಯೇ ಮುಖ್ಯ ಆಟಗಾರ್ತಿ. ಮೂರು ವರ್ಷದಿಂದ ಸೆಂಗ್‌ಕಾಂಗ್‌ಗೆ ಸೋಲುತ್ತ ಬಂದವಳು, ಈ ಸಲ ಹಠ ಹಿಡಿದು, ಬ್ಲಾಕಿನ ತಳದ ತೆರೆದ ಅಂಗಳವಾದ ವಾಯ್ಡ್ ಡೆಕ್‌ನ ಕಂಬಗಳಿಗೆ ಚೆಂಡೆಸೆದು ಅಭ್ಯಾಸ ಮಾಡಿದ್ದಳು. ಮೇಲೆ ನನ್ನ ಮನೆಯಲ್ಲಿ ಒಗ್ಗರಣೆ ಡಬ್ಬಿ ತನ್ನಷ್ಟಕ್ಕೆ ಕುಣಿಯುತ್ತಿತ್ತು.

ಆದರೆ ಇಲ್ಲೊಂದು ತೊಡಕಿತ್ತು. ನಮ್ಮವರ ಗಣೇಶನ ಹಬ್ಬ, ರಾಜ್ಯೋತ್ಸವ, ನಾಮಕರಣ ಎಲ್ಲದಕ್ಕೂ ಫೋಟೋಗ್ರಾಫರ್ ಅಂದರೆ ದ್ವಾರಕನಾಥನೇ. "ಎಲ್ಲಾರೂ ಇಲ್ಲಿ ನೋಡಿ" ಎಂದು ಅವನು ಕೂಗಿದರೆ ಬೇಡೋಕ್ ಕೆರೆಯ ಮೀನೂ ತಿರುಗಿ, ರೆಕ್ಕೆ ಸರಿಮಾಡಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಒಂದಿಡೀ ಸಮಾಜಕ್ಕೆ ಅವನೇ ಪಾಠ ಹೇಳಿಕೊಟ್ಟಿದ್ದ: ಕ್ಯಾಮೆರಾ ಕಂಡರೆ ಬಾಯಲ್ಲಿರುವುದನ್ನು ನುಂಗು, ಸೆರಗು ಎಳೆದುಕೋ, ನಗು.

ಕಾಕಿ ಬುಕಿತ್‌ನ ಹಳೆಯ ಗೋದಾಮೊಂದನ್ನು ಕೋರ್ಟ್ ಮಾಡಿ ಬಾಡಿಗೆಗೆ ಕೊಡುತ್ತಿದ್ದರು. ಫೈನಲ್ ಅಲ್ಲಿ. ಆಟ ಶುರುವಾಗುವ ಮುಂಚೆ ದ್ವಾರಕನಾಥ ಅಂಪೈರ್ ಶ್ರೀಕಂಠನಿಂದ ಮೈಕು ಇಸಕೊಂಡ.

"ಒಂದು ರಿಕ್ವೆಸ್ಟು. ಇವತ್ತು ಯಾರೂ ನನ್ನ ಕಡೆ ನೋಡಬೇಡಿ. ನಾನು ಇಲ್ಲಿಲ್ಲ ಅಂದ್ಕೊಳ್ಳಿ."

ಮುಗಿಯಿತು. ಅಷ್ಟು ಹೊತ್ತು ಅವನನ್ನು ಮರೆತಿದ್ದವರೆಲ್ಲ ಎಚ್ಚೆತ್ತರು. ಸೆಂಗ್‌ಕಾಂಗ್ ಕ್ಯಾಪ್ಟನ್ ಸರೋಜಾ ಹೋಗಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಳು.

"ನೋಡಬೇಡಿ ಅಂದೆನಲ್ಲಮ್ಮ."

"ನಾನೆಲ್ಲಿ ನೋಡ್ತೀನಿ? ನೋಡದೇ ಇದ್ದಾಗ ಚೆನ್ನಾಗಿ ಕಾಣಬಾರದಾ?"

ಮೊದಲರ್ಧ ಪೂರ್ತಿ ಹದಿನಾಲ್ಕೂ ಹೆಂಗಸರು ಅವನನ್ನು ನೋಡದೇ ಇರುವುದನ್ನೇ ಆಡಿದರು. ಚೆಂಡು ಎಡಕ್ಕೆ ಬಂದರೆ ಗದ್ದ ಬಲಕ್ಕೆ, ಕಣ್ಣು ದೂರದ ಫ್ಯಾನಿನ ಮೇಲೆ. ಮದುವೆಗೆ ಹುಡುಗಿ ತೋರಿಸುವ ಫೋಟೋದ ಭಂಗಿ. ದ್ವಾರಕನಾಥ ಹಲ್ಲು ಕಡಿದ ಸದ್ದಿಗೆ ಪಕ್ಕದ ಕಾರ್ಖಾನೆಯವರು ತಮ್ಮ ಮೆಷಿನ್ನಿಗೆ ಎಣ್ಣೆ ಬಿಟ್ಟರು. ಕೊನೆಗೆ ಅವನು ಬೇಡೋಕ್ ತಂಡದ ಹಿಂದಿನ ಗೆರೆಯಾಚೆ, ನೀರಿನ ಕ್ಯಾನುಗಳ ಸಂದಿಯಲ್ಲಿ ಬೋರಲು ಮಲಗಿ, ಮೈಮೇಲೆ ಯಾರದೋ ಜಮಖಾನ ಎಳೆದುಕೊಂಡ. ಹತ್ತು ನಿಮಿಷದಲ್ಲಿ ಜನ ಅವನನ್ನು ಮರೆತರು. ಆಟ ಆಟವಾಯಿತು.

ಹದಿನೈದಕ್ಕೆ ಮೊದಲು ಮುಟ್ಟಿದವರು ಗೆದ್ದಂತೆ. ಹದಿನಾಲ್ಕು ಹದಿನಾಲ್ಕು ಆಯಿತು. ಅಂಕದ ಫಲಕದ ಹತ್ತಿರ ನಿಂತಿದ್ದ ದ್ವಾರಕನಾಥ-ವೇದಾವತಿಯರ ಮಗಳು ರಿಷಿಕಾ ಉಗುರು ಕಚ್ಚುತ್ತಿದ್ದಳು. ಸರೋಜಾ ಮೈಯೆಲ್ಲ ಬಿಲ್ಲು ಮಾಡಿ ಎಸೆದ ಚೆಂಡು ಎಲ್ಲರ ತಲೆ ಮೇಲಿಂದ ಹಿಂದಿನ ಗೆರೆಯತ್ತ ಹೊರಟಿತು. ವೇದಾವತಿ ತಿರುಗಿ ಓಡಿದಳು. ನೇರ ಲೆನ್ಸಿನ ಕಡೆಗೆ, ಆದರೆ ಕಣ್ಣು ಮಾತ್ರ ಮೇಲೆ, ಚೆಂಡಿನ ಮೇಲೆ. ಜಡೆ ಗಾಳಿಯಲ್ಲಿ, ಕೈ ಎರಡೂ ಚಾಚಿ, ಮುಖದಲ್ಲಿ ದ್ವಾರಕನಾಥ ಮದುವೆಯಾದಂದಿನಿಂದ ಕಾಣದ ಒಂದು ಉಗ್ರಕಳೆ. ಹಿಂದೆ ಹದಿಮೂರು ಜನ ಬಾಯಿ ತೆರೆದು ನಿಂತಿದ್ದಾರೆ. ಅದೇ, ಆ ಓಣಿಯ ಗೋಡೆಗೆ ಹೇಳಿ ಮಾಡಿಸಿದ ಕ್ಷಣ.

ದ್ವಾರಕನಾಥನ ಬೆರಳು ಗುಂಡಿಯ ಮೇಲಿತ್ತು. ಆದರೆ ಬಾಯಿ ಬೆರಳಿಗಿಂತ ಹಳೆಯ ನೌಕರ. ಅದು ತನ್ನಷ್ಟಕ್ಕೆ ತಾನೇ ಕೂಗಿಬಿಟ್ಟಿತು:

"ವೇದಾ, ಇಲ್ಲಿ ನೋಡು."

ವೇದಾವತಿ ನೋಡಿದಳು. ನಕ್ಕಳು. ಒಂದು ಕೈ ಸೆರಗಿಗೆ ಹೋಯಿತು. ಅವಳು ಉಟ್ಟಿದ್ದು ಟೀಶರ್ಟು, ಸೆರಗಿರಲಿಲ್ಲ, ಆದರೂ ಹೋಯಿತು. ಚೆಂಡು ಅವಳ ಕಿವಿ ಸವರಿ ನೆಲಕ್ಕೆ ಬಿತ್ತು. ಅದು ಬಿದ್ದದ್ದನ್ನು ಯಾರೂ ನೋಡಲಿಲ್ಲ, ಏಕೆಂದರೆ ಅಷ್ಟೂ ಜನ, ಸೀಟಿ ಬಾಯಲ್ಲಿಟ್ಟ ಶ್ರೀಕಂಠನೂ ಸೇರಿ, ಕ್ಯಾಮೆರಾ ನೋಡಿ ನಗುತ್ತಿದ್ದರು. ಚೆಂಡು ನೆಲ ಮುಟ್ಟುವ ಮೊದಲೇ ಕ್ಲಿಕ್ ಅಂದಿತ್ತು.

ಆಮೇಲೆ ಶ್ರೀಕಂಠ ಸೀಟಿ ಊದಿದ. ರಿಷಿಕಾ ಫಲಕ ತಿರುಗಿಸಿ ಹದಿನೈದು ಹದಿನಾಲ್ಕು ಮಾಡಿದಳು.

"ಕೈಗೆ ಬಂದಿತ್ತು," ಎಂದಳು ವೇದಾವತಿ, ಬಹಳ ಮೆಲ್ಲಗೆ. ಅವಳು ಮೆಲ್ಲಗೆ ಮಾತಾಡಿದಳೆಂದರೆ ನಾನು ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಹೋಗುತ್ತೇನೆ. "ಬೆರಳಿಗೆ ತಗುಲಿತ್ತು. ಯಾಕೆ ಕೂಗಿದ್ರಿ?"

"ನಾನು ಕೂಗ್ಲಿಲ್ಲ ಕಣೇ, ಬಾಯಿ ಕೂಗ್ತು."

"ಅಪ್ಪಾ, ನೋಡಬೇಡಿ ಅಂತ ಮೈಕಲ್ಲಿ ಹೇಳಿದ್ದೂ ನೀನೇ ಲಾ," ಎಂದಳು ರಿಷಿಕಾ.

ಅವನು ಜಮಖಾನದಿಂದ ಹೊರಬಂದು ಕ್ಯಾಮೆರಾದ ಹಿಂದಿನ ಪರದೆ ನೋಡಿದ. ಸ್ಫುಟವಾದ ಫೋಟೋ. ಸಾಲಾಗಿ ಹಲ್ಲುಗಳು. ಮಧ್ಯದಲ್ಲಿ ಗಾಳಿಯಲ್ಲಿ ಒಂದು ಅನಾಥ ಚೆಂಡು. ಅವನು ಅಲ್ಲೇ ನೀರಿನ ಕ್ಯಾನಿನ ಮೇಲೆ ಕೂತ. ಕ್ಯಾನು ಬಿರಿದು ನೀರು ಸೋರಿತು, ಎದ್ದೇಳಲಿಲ್ಲ.

ಗೆದ್ದ ಸರೋಜಾಗೆ ಅಯ್ಯೋ ಅನ್ನಿಸಿತು. "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ಇನ್ನೊಂದು ಸಲ ಎಸೀತೀನಿ. ವೇದಾ ಹಿಡೀಲಿ. ನೀವು ತೆಕ್ಕೊಳ್ಳಿ."

"ಅದು ಸುಳ್ಳು ಫೋಟೋ ಆಗುತ್ತಮ್ಮ."

"ಯಾಕೆ ಸುಳ್ಳು?" ಎಂದಳು ವೇದಾವತಿ. "ನಮ್ಮ ಮದುವೇಲಿ ತಾಳಿ ಎರಡು ಸಲ ಕಟ್ಟಿದ್ರಲ್ಲ? ಮೊದಲನೇ ಸಲ ಫೋಟೋದವನ ರೀಲು ಮುಗಿದಿತ್ತು. ಆಲ್ಬಮ್ಮಲ್ಲಿರೋದು ಎರಡನೇದು. ಹಾಗಂತ ಮದುವೆ ಸುಳ್ಳಾ?"

ಇಷ್ಟು ವರ್ಷ ತಪ್ಪು ಹುಡುಕಿದವನಿಗೆ ಈ ವಾದದಲ್ಲಿ ಒಂದು ತಪ್ಪೂ ಸಿಗಲಿಲ್ಲ. ಹೋಗಿ ಮತ್ತೆ ಜಮಖಾನದಡಿ ಬೋರಲು ಮಲಗಿದ. ಸರೋಜಾ ಎಸೆದಳು. ಅವನು ಎರಡು ತುಟಿಗಳ ನಡುವೆ ಕರವಸ್ತ್ರ ತುರುಕಿಕೊಂಡಿದ್ದ. ವೇದಾವತಿ ಓಡಿ, ಹಾರಿ, ನೆಲಕ್ಕೆ ಒಂದು ಗೇಣಿರುವಾಗ ಚೆಂಡು ಹಿಡಿದಳು. ಯಾರೂ ಇತ್ತ ನೋಡಲಿಲ್ಲ. ಹಾಗೆ ಬಂದ ಫೋಟೋವನ್ನು ನಾನು ಕಂಡಿದ್ದೇನೆ. ಬಾಕ್ಸರ್ ನೋಡಿದ್ದರೆ ಎದುರಾಳಿಗೆ ಕೈಕೊಟ್ಟು ಎಬ್ಬಿಸಿ, ಇಬ್ಬರೂ ಸೇರಿ ಇದಕ್ಕೆ ಜಾಗ ಬಿಟ್ಟು ನಿಲ್ಲುತ್ತಿದ್ದರು.

ಮಾರನೆಯ ಮಧ್ಯಾಹ್ನ ದ್ವಾರಕನಾಥ ಎರಡು ಫೋಟೋಗಳನ್ನೂ ಲ್ಯಾಪ್‌ಟಾಪಿನಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಕೂತ. ಕಳಿಸಲು ಅದೇ ಕೊನೆಯ ದಿನ.

"ಹಿಡಿದಿದ್ದನ್ನ ಕಳ್ಸಯ್ಯ," ಎಂದೆ. "ನಿನ್ನ ಆಫೀಸಲ್ಲಿ ಥ್ರೋಬಾಲ್ ಅಂದ್ರೆ ಅಡುಗೆ ಪದಾರ್ಥ ಅಂದ್ಕೋತಾರೆ. ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ ಅಂಕಲ್. ಅದೇ ಕಷ್ಟ. ದಿನಾ ಕಾಫಿಗೆ ಹೋಗೋನು ನಾನು. ಆ ರಕ್ತದವನು ಆಮೇಲೆ ಬಂದು ಇನ್ನೊಂದು ಸಲ ಮಂಡಿಯೂರಿದ್ನಾ?"

"ಹಾಗಾದ್ರೆ ಏನೂ ಕಳಿಸಬೇಡ."

"ಅದು ಹೇಗಾಗುತ್ತೆ. ಗೋಡೆ ಖಾಲಿ ಇದೆ."

ನಗುತ್ತಿರುವವರ ಫೋಟೋವನ್ನೇ ಕಳಿಸಿದ. ಅಂಥ ಮುಖ ಮಾಡಿಕೊಂಡು ಮೇಲ್ ಕಳಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಹಲ್ಲು ಕೀಳಿಸಿಕೊಳ್ಳಲು ತಾನೇ ಇಕ್ಕಳ ಹಿಡಿದವನ ಹಾಗಿದ್ದ. ವಾರ ಬಿಟ್ಟು ಉತ್ತರ ಬಂತು. ಬಹಳ ಚಂದದ ಗ್ರೂಪ್ ಫೋಟೋ, ನಿಮ್ಮ ತಂಡದ ಒಗ್ಗಟ್ಟು ಕಂಡು ಸಂತೋಷವಾಯಿತು, ಆದರೆ ನಾವು ಕೇಳಿದ್ದು ಆಟದ ಕ್ಷಣ. ಚೆಂಡು ಅವರ ಕಣ್ಣಿಗೂ ಬಿದ್ದಿರಲಿಲ್ಲ. ಬೇರೆ ಯಾರದೂ ಹಿಡಿಸಲಿಲ್ಲವೋ ಏನೋ, ಆ ಬಿಳಿಯ ಜಾಗದಲ್ಲಿ ಬೆಂಕಿ ಬಿದ್ದರೆ ಯಾವ ಬಾಗಿಲಿಂದ ಓಡಬೇಕೆಂಬ ನಕಾಶೆ ಹಾಕಿದರು.

ಈ ಸುದ್ದಿ ಹೊತ್ತು ಮನೆಗೆ ಬಂದವನಿಗೆ ವೇದಾವತಿ ಕಾಫಿ ಕೊಡಲಿಲ್ಲ.

"ಮ್ಯಾಚೂ ಕಳೆದ್ರಿ. ಗೋಡೆನೂ ಕಳೆದ್ರಿ. ನನ್ನ ಕ್ಯಾಚ್ ಇತ್ತಲ್ಲ ಕೈಯಲ್ಲಿ, ಅದನ್ನ ಬಿಟ್ಟು ಹಲ್ಲು ಕಳ್ಸಿದ್ರಾ?"

"ನೀನು ಹಿಡೀಲಿಲ್ಲ ವೇದಾ."

"ಹಿಡಿದೆ. ಫೋಟೋ ಇದೆ."

ಅವಳು ಆ ಫೋಟೋವನ್ನು ಬಾಗಿಲಗಲ ಮಾಡಿಸಿ, ಕಪ್ಪು ಚೌಕಟ್ಟು ಹಾಕಿಸಿ, ಹಾಲಿನಲ್ಲಿ ಸೋಫಾದ ಮೇಲೆಯೇ ತೂಗುಹಾಕಿದಳು. ಕೆಳಗೆ ಮೂಲೆಯಲ್ಲಿ ಅವನ ಹೆಸರನ್ನೂ ಹಾಕಿಸಿದಳು, ಅಚ್ಚುಕಟ್ಟಾದ ಅಕ್ಷರದಲ್ಲಿ. ಮನೆಗೆ ಬಂದವರೆಲ್ಲ ಮೊದಲು ಅದರ ಮುಂದೆ ನಿಲ್ಲುತ್ತಾರೆ. ಗಣೇಶನ ಹಬ್ಬಕ್ಕೆ ಬಂದ ಸರೋಜಾ ಕೂಡ ತಾನೇ ಎಸೆದದ್ದನ್ನು ಮರೆತು, "ಏನು ಹಿಡಿದಿದೀಯೇ ವೇದಾ," ಎಂದು ಬೆರಗಾದಳು. ದ್ವಾರಕನಾಥ ಅದರಡಿಯ ಸೋಫಾದಲ್ಲಿ ಕೂರುವುದನ್ನೇ ಬಿಟ್ಟು ಊಟದ ಮೇಜಿನ ಕುರ್ಚಿಗೆ ಶಿಫ್ಟ್ ಆದ. ಅಲ್ಲಿಂದ ಇನ್ನೂ ಚೆನ್ನಾಗಿ ಕಾಣುತ್ತದೆ.

ಹೋದ ತಿಂಗಳು ಬೆಂಗಳೂರಿನಿಂದ ಹೊಸದಾಗಿ ಬಂದ ಅವಿನಾಶ್ ಎಂಬ ಹುಡುಗ ಊಟಕ್ಕೆ ಬಂದಿದ್ದ. ಫೋಟೋದ ಮುಂದೆ ನಿಂತವನು ತಟ್ಟೆ ಹಾಕಿದರೂ ಬರಲಿಲ್ಲ.

"ಅಂಕಲ್, ಸೂಪರ್ ಶಾಟ್. ಮ್ಯಾಚಲ್ಲಿ ಇದು ಎಷ್ಟನೇ ಪಾಯಿಂಟು?"

ವೇದಾವತಿ ಸೌಟು ಹಿಡಿದುಕೊಂಡೇ ಗಂಡನನ್ನು ನೋಡಿದಳು. ನಾನು ಹುಳಿಯಲ್ಲಿದ್ದ ನುಗ್ಗೆಕಾಯಿಯನ್ನು ನೋಡಿದೆ.

"ಹದಿನಾರನೇದು," ಎಂದ ದ್ವಾರಕನಾಥ, ಅನ್ನ ಕಲಸುತ್ತ.

"ಆಟ ಹದಿನೈದಕ್ಕೇ ಮುಗಿಯುತ್ತಲ್ವಾ ಅಂಕಲ್?"

"ಮುಗೀಬೇಕಿತ್ತಪ್ಪ," ಎಂದ. "ಮುಗೀತಾನೇ ಇಲ್ಲ."