ಆ ಮನೆಯ ಕಡಲೆ

ನಮ್ಮ ಧರ್ಮಕೇಂದ್ರದವರಷ್ಟು ಪ್ರೀತಿ ತುಂಬಿದ ಜನ ಇಡೀ ದಾಂಡೇಲಿಯಲ್ಲಿ ಬೇರೆ ಯಾರೂ ಇಲ್ಲ. ಇದು ಹೊರಗಿನವರು ಹೇಳಿದ ಮಾತಲ್ಲ, ನಾವೇ ಹೇಳಿಕೊಂಡದ್ದು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಐದು ನಿಮಿಷ ಸುಮ್ಮನೆ ನಿಂತು ನೋಡಿ, ಯಾರಾದರೂ ಬಂದು ನಿಮ್ಮನ್ನು ಪ್ರೀತಿಸಿಯೇ ಬಿಡುತ್ತಾರೆ. ಕೆಮ್ಮಿದರೆ ಪ್ರಾರ್ಥನೆ, ಕೆಲಸ ಹೋದರೆ ಪ್ರಾರ್ಥನೆ, ಕ್ರಿಸ್‌ಮಸ್ಸಿಗೆ ಬಡವರಿಗೆ ಕಂಬಳಿ. ಕಂಬಳಿಯ ಒಂದು ತುದಿ ಕೊಡುವವರ ಕೈಯಲ್ಲಿ, ಇನ್ನೊಂದು ತುದಿ ತೆಗೆದುಕೊಳ್ಳುವವರ ಕೈಯಲ್ಲಿ. ಫೋಟೊ ಸರಿಯಾಗಿ ಬರುವ ತನಕ ಇಬ್ಬರೂ ಬಿಡುವಂತಿಲ್ಲ. ಹೋದ ಸಲ ಒಬ್ಬ ಮುದುಕ ತೋಳು ನೋಯುತ್ತದೆಂದು ನಡುವೆಯೇ ಬಿಟ್ಟುಬಿಟ್ಟ. ಅವನಿಗೆ ಉಪಕಾರ ಸ್ಮರಣೆ ಇಲ್ಲ ಎಂದು ನಮ್ಮ ಹೆಂಗಸರು ಒಂದು ವಾರ ಮಾತಾಡಿಕೊಂಡರು.

ನಾನು ಮುಂಡಗೋಡ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದೆ. ಯಜಮಾನರು ಕಾಗದದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು, ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ವಾರ್ಡಿನ ಕಾರ್ಯದರ್ಶಿ ಮಾಡಿದ್ದಾರೆ. ವಾರ್ಡು ಅಂದರೆ ನಮ್ಮ ಚರ್ಚಿಗೆ ಸೇರಿದ ಮೂವತ್ತು ಚಿಲ್ಲರೆ ಮನೆಗಳ ಒಂದು ಗುಂಪು. ನನ್ನ ಮುಖ್ಯ ಕೆಲಸ ಅಕ್ಟೋಬರಿನ ಪಟ್ಟಿ ಬರೆಯುವುದು.

ಅಕ್ಟೋಬರ್ ನಮಗೆ ಜಪಸರದ ತಿಂಗಳು, ಮಣಿ ಎಣಿಸುತ್ತ ಹೇಳುವ ಪ್ರಾರ್ಥನೆಯ ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿರುವ ಮಾತೆ ಮರಿಯಮ್ಮನ ಮೂರ್ತಿ ಚರ್ಚಿನಿಂದ ಹೊರಟು ದಿನಕ್ಕೊಂದು ಮನೆಗೆ ಹೋಗುತ್ತದೆ. ಸಂಜೆ ವಾರ್ಡಿನವರೆಲ್ಲ ಆ ಮನೆಯಲ್ಲಿ ಕೂತು ಜಪಸರ ಹೇಳುತ್ತೇವೆ. ಮರುದಿನ ಸಂಜೆ ಮೂರ್ತಿ ಮುಂದಿನ ಮನೆಗೆ. ಪ್ರಾರ್ಥನೆ ಮುಗಿದ ಮೇಲೆ ಮನೆಯವರು ಬಂದವರಿಗೆಲ್ಲ ಬೇಯಿಸಿದ ಕಡಲೆ ಕೊಡಬೇಕು. ಉಪ್ಪು, ನಾಲ್ಕು ಕೊಬ್ಬರಿ ಚೂರು, ಅಷ್ಟೇ. ಇದು ಗೋವಾ ಕಡೆಯಿಂದ ಬಂದ ಕೊಂಕಣಿಯವರ ಪದ್ಧತಿ, ನಾವು ಕನ್ನಡದವರೂ ಕಲಿತುಕೊಂಡೆವು. ಈಗ ಆ ಕಡಲೆಯ ಪಕ್ಕದಲ್ಲಿ ಸಮೋಸ ಬಂದಿದೆ, ಕೇಕ್ ಬಂದಿದೆ, ಒಬ್ಬರ ಮನೆಯಲ್ಲಂತೂ ಐಸ್ ಕ್ರೀಮ್ ಬಂತು. ಮಾತೆ ಯಾರ ಮನೆಗೆ ಬಂದಾಗ ಏನು ಕೊಟ್ಟರು ಎಂಬುದು ನಮಗೆ ಜಪಸರದಲ್ಲಿ ಒಂದೊಂದಾಗಿ ಧ್ಯಾನಿಸುವ ರಹಸ್ಯಗಳಿಗಿಂತ ಚೆನ್ನಾಗಿ ನೆನಪಿರುತ್ತದೆ.

ನಮ್ಮ ಚರ್ಚು ಗುಡಿಸುವವಳು ಹಳಿಯಾಳ ಕಡೆಯ ಸಿದ್ದಿ ಬುಡಕಟ್ಟಿನ ಹೆಂಗಸು. ಕೋಗಿಲಬನದ ದಾರಿಯಿಂದ ಒಳಗೆ ತಿರುಗುವ ಒಂದು ಓಣಿಯಲ್ಲಿ ತಾಯಿಯೊಂದಿಗೆ ಇದ್ದಾಳೆ. ಪೀಠದ ಮೇಲಿನ ಹೂವು ಅವಳು ಇಟ್ಟದ್ದು, ನಾವು ಮೊಣಕಾಲೂರುವ ನೆಲ ಅವಳು ಒರೆಸಿದ್ದು. ಅವಳ ತಾಯಿ ಗಟ್ಟಿಯಾಗಿದ್ದಾಗ ಅಕ್ಟೋಬರ್ ಪೂರ್ತಿ ನಮ್ಮ ಮನೆಗಳ ಕಡಲೆ ಬೇಯಿಸುತ್ತಿದ್ದದ್ದೇ ಆ ಮುದುಕಿ. ಮಧ್ಯಾಹ್ನ ಬಂದು ಹಿತ್ತಲಲ್ಲಿ ಒಲೆ ಹೂಡಿ, ದೊಡ್ಡ ಪಾತ್ರೆ ಏರಿಸಿ, ಕಾಳು ಒಡೆಯದ ಹಾಗೆ ಹದವಾಗಿ ಇಳಿಸುತ್ತಿದ್ದಳು. ಪ್ರಾರ್ಥನೆಯ ಹೊತ್ತಿಗೆ ಹಿತ್ತಲ ಬಾಗಿಲಲ್ಲೇ ನಿಂತು ಜಪಸರ ಹೇಳಿ, ತನ್ನ ಪಾಲಿನ ಕಡಲೆ ಸೆರಗಿಗೆ ಕಟ್ಟಿಕೊಂಡು ಹೋಗುತ್ತಿದ್ದಳು. ಎರಡು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡಳು. ಅಂದಿನಿಂದ ಮಂಚವೇ ಗತಿ.

ಅವರ ಮನೆ ನನ್ನ ಪಟ್ಟಿಯಲ್ಲಿ ಎಂದೂ ಇರಲಿಲ್ಲ. ನನಗಿಂತ ಮುಂಚೆ ಬರೆಯುತ್ತಿದ್ದವರ ಪಟ್ಟಿಯಲ್ಲೂ ಇರಲಿಲ್ಲ. ಹಳೆಯ ಪಟ್ಟಿ ನೋಡಿ ಹೊಸದು ಬರೆಯುವುದು ನಮ್ಮ ಕ್ರಮ. ನಾನೂ ಹಾಗೇ ಬರೆಯುತ್ತ ಬಂದೆ, ತಲೆ ಓಡಿಸುವ ಕೆಲಸ ಇಟ್ಟುಕೊಳ್ಳಲಿಲ್ಲ.

ಕಳೆದ ಸೆಪ್ಟೆಂಬರಿನಲ್ಲಿ ಆ ಮುದುಕಿಯ ಮಗಳು ಕಸಬರಿಗೆ ಗೋಡೆಗೆ ಒರಗಿಸಿ ನನ್ನ ಹತ್ತಿರ ಬಂದಳು.

“ಬಾಯಾರ, ಈ ಸಲ ತಾಯೀನ ನಮ್ಮ ಮನಿಗೂ ಕರ್ಕೊಂಡ ಬರ್ರಿ. ನಮ್ಮವ್ವ ದಿನಾ ಅದನ್ನ ಕೇಳ್ತಾಳ. ಎಲ್ಲಾರೂ ಬರ್ರಿ, ಕಡಲಿ ಬೇಸ್ತೇನಿ.”

ನಾನು ಅಲ್ಲೇ ಹತ್ತೊಂಬತ್ತನೇ ತಾರೀಖಿಗೆ ಅವಳ ಮನೆ ಬರೆದುಕೊಂಡೆ, ತಾರೀಖು ಅವಳಿಗೂ ಹೇಳಿದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಹೆಮ್ಮೆ. ಏನೋ ದೊಡ್ಡ ಧರ್ಮಕಾರ್ಯ ಮಾಡಿದವಳ ಹಾಗೆ ಆ ದಿನ ಎರಡು ಸಲ ಚಹಾ ಕುಡಿದೆ.

ಮುಂದಿನ ಭಾನುವಾರ ವಾರ್ಡಿನ ಸಭೆ. ನಾನು ಪಟ್ಟಿ ಓದಿದೆ. ಹತ್ತೊಂಬತ್ತಕ್ಕೆ ಬಂದಾಗ ನಮ್ಮ ಅಧ್ಯಕ್ಷೆ ಕೈ ಎತ್ತಿದರು. ಈಕೆ ನಿವೃತ್ತ ಹೆಡ್‌ಮೇಡಂ, ಧ್ವನಿಯಲ್ಲಿ ಯಾವಾಗಲೂ ಜೇನು. ಯಾರನ್ನಾದರೂ ದೂರ ಇಡಬೇಕಾದರೆ ಮೊದಲು ಅವರನ್ನು ಹೊಗಳುತ್ತಾರೆ.

“ಭಾಳ ಛಲೋ ಹೆಂಗಸು ಆಕಿ. ಪಾಪ, ಆಕೀಗ್ಯಾಕ ತ್ರಾಸ ಕೊಡೂದು? ಆಕೀ ಪಾಳಿ ನಮ್ಮ ಮನಿಯಾಗ ಮಾಡೂಣು. ಹೆಸರು ಆಕೀದ ಇರ್ಲಿ. ಚಾ, ಕೇಕು ಎಲ್ಲಾ ನಂದು. ಆಕಿ ಆರಾಮ ಬಂದು ಕೂತ್ರ ಸಾಕು.”

ಎಲ್ಲರ ಮುಖದಲ್ಲೂ ಕರುಣೆ ಉಕ್ಕಿತು. ಒಬ್ಬರು, “ಮ್ಯಾಲ ಆ ಓಣ್ಯಾಗ ಕಾಲಿಡಾಕ ಜಾಗಾ ಇಲ್ರಿ, ಮೂರ್ತಿ ಕೈ ಜಾರಿದ್ರ ಏನ್ ಗತಿ?” ಅಂದರು. ಇನ್ನೊಬ್ಬರು, ಹಾಸಿಗೆ ಹಿಡಿದವರ ಮನೆಯಲ್ಲಿ ಗದ್ದಲ ಮಾಡಬಾರದು ಅಂದರು. ನಿಜವಾದ ಕಾರಣ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ನಮ್ಮ ಒಲೆ, ನಮ್ಮ ಪಾತ್ರೆ, ನಮ್ಮ ಕಾಳು ಆದರೆ ಸಿದ್ದಿಯವರ ಕೈ ನಮಗೆ ಆಗುತ್ತದೆ. ಅವರ ಒಲೆ, ಅವರ ಪಾತ್ರೆ ಆದರೆ ಆಗುವುದಿಲ್ಲ. ಒಂದೇ ಬಟ್ಟಲಿನಿಂದ ಪ್ರಸಾದ ತೆಗೆದುಕೊಳ್ಳುವ ಜನ ನಾವು! ಹೇಸಿಗೆ ಅನಿಸುತ್ತದೆ.

ಹೇಸಿಗೆ ಈಗ ಅನಿಸುತ್ತದೆ. ಅವತ್ತು ನಾನು ಏನು ಮಾಡಿದೆ? ಪೆನ್ನು ತೆಗೆದು ಅವಳ ಹೆಸರಿನ ಮುಂದೆ ಅಧ್ಯಕ್ಷೆಯ ಮನೆಯ ವಿಳಾಸ ಬರೆದೆ. ಅದೇ ದುಂಡಗಿನ ಅಕ್ಷರ. ಪಟ್ಟಿಯ ಫೋಟೊ ತೆಗೆದು ವಾರ್ಡಿನ ವಾಟ್ಸಾಪ್ ಗುಂಪಿಗೆ ಹಾಕಿದೆ. ಎಲ್ಲರಿಗೂ ತಿಳಿಸಿದ ಹಾಗಾಯಿತು ಎಂದುಕೊಂಡೆ. ಚರ್ಚು ಗುಡಿಸುವವಳ ಕೈಯಲ್ಲಿ ಇರುವುದು ಬಟನ್ ಫೋನು, ಆ ಗುಂಪಿನಲ್ಲಿ ಅವಳು ಇಲ್ಲವೇ ಇಲ್ಲ ಎಂಬುದು ಮೂವತ್ತು ಚಿಲ್ಲರೆ ಪ್ರೀತಿಯ ಮನೆಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದಿನಾ ಅವಳ ಮುಖ ನೋಡುವ ನನಗೂ ಹೊಳೆಯಲಿಲ್ಲ.

ಹತ್ತೊಂಬತ್ತರ ಸಂಜೆ ಅಧ್ಯಕ್ಷೆಯ ಮನೆಯಲ್ಲಿ ಸೇರಿದೆವು. ಅವಳು ಬರಲಿಲ್ಲ. ಹತ್ತು ನಿಮಿಷ ಕಾದೆವು. “ನೋಡ್ರಿ, ಆಕೀ ಸಲುವಾಗಿ ಇಷ್ಟ ಮಾಡೇವಿ, ಆಕಿಗೇ ಬರಾಕ ಪುರಸತ್ತಿಲ್ಲ,” ಎಂದು ಅಧ್ಯಕ್ಷೆ ನಿಟ್ಟುಸಿರು ಬಿಟ್ಟರು. ಆಮೇಲೆ ಅವಳನ್ನು ಕ್ಷಮಿಸಿ, ಅವಳಿಗಾಗಿಯೇ ಜಪಸರದ ಒಂದು ರಹಸ್ಯ ಅರ್ಪಿಸಿ, ಅವಳ ತಾಯಿಯ ಆರೋಗ್ಯಕ್ಕಾಗಿ ಗಟ್ಟಿ ಧ್ವನಿಯಲ್ಲಿ ಪ್ರಾರ್ಥಿಸಿದೆವು. ಕೇಕ್ ಚೆನ್ನಾಗಿತ್ತು. ನಾನು ಎರಡು ತುಂಡು ತಿಂದೆ.

ಮರುದಿನ ಬೆಳಿಗ್ಗೆ ಅವಳು ಚರ್ಚು ಗುಡಿಸಲು ಬರಲಿಲ್ಲ. ಆಟೊ ಹಿಡಿದು ಅವಳ ಮನೆಗೆ ಹೋದೆ. ಓಣಿಯಲ್ಲಿ ಕಾಲಿಡಲು ಜಾಗ ಧಾರಾಳ ಇತ್ತು, ಯಾರೋ ನೀರು ಚಿಮುಕಿಸಿ ಗುಡಿಸಿದ್ದರು. ಮನೆಗೆ ಹೊಸ ಸುಣ್ಣ. ಒಳಗೆ ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಪಕ್ಕದ ಮನೆಯವಳು, ಧಾರವಾಡ ಕಡೆಯವಳು, ಹಣೆ ತುಂಬ ವಿಭೂತಿ, ಒಂದೊಂದೇ ಕುರ್ಚಿ ಹೊರಗೆ ತರುತ್ತಿದ್ದಳು. ಅವಳ ಗಂಡ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. ಕುರ್ಚಿಗಳನ್ನು ಓಣಿಯೆಲ್ಲ ಸುತ್ತಿ ತಂದುಕೊಟ್ಟವಳು ಇವಳೇ.

“ನೀವು ಚರ್ಚಿನವ್ರೇನ್ರಿ?” ಅಂದಳು. “ನಿನ್ನೆ ಸಂಜೀಮುಂದ ನಾವೆಲ್ಲಾ ಕಾಲು ತೊಳಕೊಂಡು ಕುಂತಿದ್ವಿ. ಮುದುಕಿ ಹೊಸಾ ಸೀರಿ ಉಟ್ಕೊಂಡು ಬಾಗಲಾ ನೋಡಿದ್ದಽ ನೋಡಿದ್ದು. ನಿಮ್ಮ ತಾಯಿ ಒಂದು ಮನಿಗೆ ಬರಾಕೂ ಕಮಿಟಿ ಕೂಡಬೇಕೇನ್ರಿ?”

ಮಗಳು ಬಂದು ಕೂಡ್ರಿ ಅಂದಳು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಬೇಯಿಸಿದ ಕಡಲೆಯನ್ನು ಓಣಿಯವರಿಗೆ ಹಂಚಿದೆ ಎಂದಷ್ಟೇ ಹೇಳಿದಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ತಿರುಗಲಿಲ್ಲ.

ಅಧ್ಯಕ್ಷೆಗೆ ಫೋನ್ ಮಾಡಿದೆ. “ಅಯ್ಯೋ, ಪಾಪ,” ಅಂದರು. ಆದರೆ ಪಟ್ಟಿ ಪಟ್ಟಿಯೇ, ಈಗ ಬದಲಿಸಿದರೆ ಉಳಿದವರಿಗೆ ಬೇಜಾರು, ಬರುವ ವರ್ಷ ಮೊದಲ ಮನೆ ಅವಳದ್ದೇ ಅಂದರು. ಫಾದರ್ ಜೋಯಿಡಾ ಕಡೆಯ ಹಳ್ಳಿಗಳಿಗೆ ಪೂಜೆಗೆ ಹೋಗಿದ್ದರು, ಅಲ್ಲಿ ನೆಟ್‌ವರ್ಕ್ ಇಲ್ಲ. ಹಾಗಾಗಿ ನಾನೇ ಒಂದು ಲೆಕ್ಕ ಹಾಕಿದೆ. ಇಪ್ಪತ್ತನಾಲ್ಕಕ್ಕೆ ಮೂರ್ತಿ ನಮ್ಮ ಮನೆಗೆ ಬರುತ್ತದೆ, ಮರುದಿನ ಸಂಜೆಯವರೆಗೆ ಇರುತ್ತದೆ. ಬೆಳಿಗ್ಗೆ ತೆಗೆದುಕೊಂಡು ಹೋದರೆ ಯಾರು ತಡೆಯುತ್ತಾರೆ? ಇಪ್ಪತ್ತನಾಲ್ಕರ ಮಧ್ಯಾಹ್ನ ಚರ್ಚಿನಲ್ಲಿ ಅವಳಿಗೆ ಹೇಳಿದೆ: “ನಾಳಿ ಹತ್ತಕ್ಕ ತಾಯೀನ ತರ್ತೇನಿ.” ಅವಳ ಮುಖ ಅರಳಿತು. ನನಗೆ ಮತ್ತೆ ಹೆಮ್ಮೆ. ನಮ್ಮಂಥವರಿಗೆ ಹೆಮ್ಮೆ ಬರಲು ಹೆಚ್ಚು ಹೊತ್ತು ಬೇಡ.

ಬೆಳಿಗ್ಗೆ ಹತ್ತಕ್ಕೆ ಗಾಜಿನ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೊದಲ್ಲಿ ಹೋದೆ. ಮತ್ತೆ ಅದೇ ಇಪ್ಪತ್ತು ಕುರ್ಚಿಗಳು, ಈ ಸಲ ಸಾಲಾಗಿ ಹಾಕಿದ್ದವು. ಮೂಲೆಯಲ್ಲಿ ದೊಡ್ಡ ಪಾತ್ರೆ, ಬೆಂದ ಕಡಲೆಯ ವಾಸನೆ. ಮುದುಕಿಯನ್ನು ದಿಂಬಿಗೆ ಒರಗಿಸಿ ಕೂಡಿಸಿದ್ದರು. ಮೂರ್ತಿಯನ್ನು ಅವಳ ಮಂಚದ ಪಕ್ಕದ ಸ್ಟೂಲಿನ ಮೇಲೆ ಇಟ್ಟೆ. ಕಣ್ಣೀರು ಹಾಕುತ್ತಾಳೆ, ನನ್ನ ಕೈ ಹಿಡಿಯುತ್ತಾಳೆ ಎಂದು ಕಾದೆ. ಅವಳು ಮೂರ್ತಿಗೆ ಕೈ ಮುಗಿದು, ಶಿಲುಬೆ ಗುರುತು ಹಾಕಿ, ನನ್ನ ಹಿಂದಿನ ಬಾಗಿಲನ್ನು ನೋಡಿದಳು.

“ಮಂದಿ ಎಲ್ಲೆ?”

“ತಾಯಿ ಬಂದಾಳಲ್ಲ ಅವ್ವ, ನೋಡ್ರಿ,” ಅಂದೆ.

“ತಾಯಿ ಎಲ್ಲಿಂದ ಬರಬೇಕ? ಯಾವಾಗ್ಲೂ ಇಲ್ಲೇ ಅದಾಳ.” ಗೋಡೆಗೆ ಕೈ ತೋರಿಸಿದಳು. ಯಾವುದೋ ಹಳೆಯ ಕ್ಯಾಲೆಂಡರಿನಿಂದ ಕತ್ತರಿಸಿದ ಮರಿಯಮ್ಮನ ಚಿತ್ರ, ಕೆಳಗೆ ಸಣ್ಣ ದೀಪ. “ನಾ ಕೇಳಿದ್ದು ಮಂದೀನ. ಇಷ್ಟ ವರ್ಷ ಎಲ್ಲಾರ ಮನಿಯಾಗ ಕಡಲಿ ಬೇಸೇನಿ. ನನ್ನ ಮನಿಯಾಗ ನಿಮ್ಮವ್ರು ಒಬ್ರರ ಕುಂತು ತಿಂದಾರೇನ, ಹೇಳ?”

ಮಗಳು, “ಅವ್ವ, ಸುಮ್ನಿರ,” ಅಂದಳು. ಓಣಿಯವರನ್ನು ಕರೆಯುತ್ತೇನೆ ಎಂದು ಹೊರಟಳು. ಮುದುಕಿ ತಡೆದಳು. “ಅವ್ರು ದಿನಾ ತಿಂತಾರ. ಅವ್ರನ್ಯಾಕ ಕರೀತಿ?”

ನಾನು ಅಂಗಳಕ್ಕೆ ಬಂದು ಫೋನ್ ತೆಗೆದೆ. ಅಧ್ಯಕ್ಷೆಗೆ ಡಾಕ್ಟರ ಹತ್ತಿರ ಹೋಗಬೇಕಿತ್ತು. ಒಬ್ಬರ ಮನೆಗೆ ನೆಂಟರು. ಒಬ್ಬರಿಗೆ ಕಾಲು ಬಾವು, ಆದರೆ ಮುಂಡಗೋಡದ ಸಂತೆಗೆ ಹೊರಟ ಬಸ್ಸಿನ ಕಂಡಕ್ಟರ್ ಊರಿನ ಹೆಸರು ಕೂಗುವುದು ಅವರ ಫೋನಿನಲ್ಲೇ ಕೇಳಿಸಿತು. ಕೊನೆಗೆ ಮೂರ್ತಿ, ಮುದುಕಿ ಇಬ್ಬರದೂ ಫೋಟೊ ತೆಗೆದು ಗುಂಪಿಗೆ ಹಾಕಿದೆ, ಈಗಲೇ ಬರ್ರಿ ಎಂದು ಬರೆದೆ. ಕ್ಷಣದಲ್ಲಿ ಉತ್ತರಗಳು ಬರತೊಡಗಿದವು: ಕೈ ಮುಗಿಯುವ ಚಿತ್ರ, ಕೆಂಪು ಹೃದಯ, ಹೂವು, ದೇವರು ಒಳ್ಳೆಯದು ಮಾಡಲಿ. ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ. ನಾನು ಅರ್ಧ ಗಂಟೆ ಅಲ್ಲೇ ನಿಂತಿದ್ದೆ.

ಒಳಗೆ ಬಂದು ಮೊದಲ ಸಾಲಿನ ಕುರ್ಚಿಯಲ್ಲಿ ಕೂತೆ. ನಾನು, ಮಗಳು, ಮುದುಕಿ ಮೂವರೇ ಜಪಸರ ಹೇಳಿದೆವು. ಮುಗಿದ ಮೇಲೆ ಮಗಳು ಸ್ಟೀಲ್ ತಟ್ಟೆಯಲ್ಲಿ ಕಡಲೆ ತಂದು ಕೊಟ್ಟಳು. ತಟ್ಟೆ ಕೈಗೆ ಬಂದ ಕ್ಷಣ ನನಗೆ ಹೊಳೆದ ಮೊದಲ ವಿಚಾರವನ್ನು ಇಲ್ಲಿ ಬರೆದೇ ಬಿಡುತ್ತೇನೆ, ಇಷ್ಟು ಹೊತ್ತು ಬೇರೆಯವರನ್ನು ಬೈದಿದ್ದೇನಲ್ಲ. ನೀರು ಎಲ್ಲಿಯದೋ, ಒಂದೆರಡು ಕಾಳು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಕಟ್ಟಿಸಿಕೊಂಡರಾಯಿತು ಅಂದುಕೊಂಡೆ. ಅಧ್ಯಕ್ಷೆ ನನ್ನೊಳಗೇ ಕಾಲು ಚಾಚಿ ಕೂತಿದ್ದಳು.

ಮುದುಕಿ ನನ್ನ ಕೈಯನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲ ಗೊತ್ತು. ಎಷ್ಟೋ ವರ್ಷ ಹಿತ್ತಲ ಬಾಗಿಲಲ್ಲಿ ನಿಂತು ನಮ್ಮ ಕೈಗಳನ್ನು ನೋಡಿದವಳು.

“ತಿನ್ನ, ತಂಗಿ.”

ತಿಂದೆ. ಹದವಾಗಿ ಬೆಂದಿತ್ತು, ಒಂದು ಕಾಳೂ ಒಡೆದಿರಲಿಲ್ಲ. ತಟ್ಟೆ ಖಾಲಿಯಾಗುವ ತನಕ ಅವಳು ಕಣ್ಣು ಕೀಳಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, ಪಾತ್ರೆಯ ಮುಚ್ಚಳ ಮುಚ್ಚಲು ಹೇಳಿದಳು.

“ಒಬ್ಬಾಕಿ ಆದ್ಲು,” ಅಂದಳು. “ಉಳದವ್ರನ್ನ ಯಾವಾಗ ಕರ್ಕೊಂಡ ಬರ್ತಿ?”