ದೊಡ್ಡವ್ವನ ಹಲ್ಲು ಬೆಳೆಯುತ್ತಿದ್ದವು

ಮೊನ್ನೆ ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಯಾರೋ ಹಂಚಿನ ಮೇಲೆ ತಂಬಾಕು ಹುರಿಯುತ್ತಿದ್ದರು. ಘಾಟು ಮೂಗಿಗೆ ಬಡಿದದ್ದೇ ತಡ, ಕಾಯಿಪಲ್ಯದ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಕಮಲಾಪುರದ ನಮ್ಮ ಮಗ್ಗುಲ ಮನೆಯ ದೊಡ್ಡವ್ವ ಬೆನ್ನ ಹಿಂದೆ ಬಂದು ನಿಂತಂತೆ ಅನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ...

ಅವಳು ನಮಗೆ ನೆಂಟಳಲ್ಲ, ಓಣಿಗೆಲ್ಲ ದೊಡ್ಡವ್ವ. ತಂಬಾಕನ್ನು ಕಪ್ಪಗೆ ಹುರಿದು ಕುಟ್ಟಿ, ಮಿಶ್ರಿ ಎನ್ನುವ ಆ ಪುಡಿಯನ್ನು ದಿನಕ್ಕೆ ಮೂರು ಸಲ ಬೆರಳಿನಿಂದ ವಸಡಿಗೆ ತಿಕ್ಕುತ್ತಿದ್ದಳು. ಹರೆಯದಲ್ಲಿ ವಸಡಿನಿಂದ ರಕ್ತ ಬರುತ್ತಿತ್ತಂತೆ, ಮಿಶ್ರಿ ಹಚ್ಚಿದ ಮೇಲೆ ನಿಂತಿತಂತೆ. ರಕ್ತ ನಿಂತರೆ ರೋಗ ಹೋಯಿತು ಎಂದು ಓಣಿಯ ಹೆಂಗಸರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಆದರೆ ಅವಳ ಹಲ್ಲು ಬೆಳೆಯುತ್ತಿದ್ದವು. ನಾನು ಕಲಬುರಗಿಯಲ್ಲಿ ನೌಕರಿಗೆ ಸೇರಿದ ಮೇಲೆ ಹಬ್ಬಕ್ಕೊಮ್ಮೆ ಊರಿಗೆ ಹೋದಾಗಲೆಲ್ಲ ನೋಡುತ್ತಿದ್ದೆ, ಪ್ರತಿ ಸಲವೂ ಒಂದಿಷ್ಟು ಉದ್ದ. ಅವಳು ನಕ್ಕರೆ ಮೈ ಜುಮ್ಮೆನ್ನುತ್ತಿತ್ತು. ಒಮ್ಮೆ ಜೊತೆಗೆ ಕೂತು ರೊಟ್ಟಿ ತಿನ್ನುತ್ತಿದ್ದವಳು ಸುಮ್ಮನೆ ಬಾಯಿಗೆ ಕೈ ಹಾಕಿ ಒಂದು ಹಲ್ಲು ತೆಗೆದಳು. ಹನಿ ರಕ್ತವಿಲ್ಲ, ಹಾ ಎನ್ನಲಿಲ್ಲ. ಸೆರಗಿಗೆ ಒರೆಸಿ ಗೋಡೆಯ ಗೂಡಿನಲ್ಲಿಟ್ಟಳು. ಅಲ್ಲಿ ಆಗಲೇ ಮೂರು ಹಲ್ಲುಗಳಿದ್ದವು, ಬಾಯಲ್ಲಿದ್ದ ಸಾಲಿನಂತೆಯೇ, ನಡುವೆ ಜಾಗ ಬಿಟ್ಟು.

"ಮಣ್ಣಿಗಿ ಹೋಗುಮುಂದ ಪೂರಾ ಹೋಗಬೇಕವ್ವ," ಅಂದಳು.

ಉಳಿದ ಹಲ್ಲುಗಳಿಗೂ ಜಾಗ ಇಟ್ಟಿದ್ದಾಳೆ ಎಂದು ಹೊಳೆದಾಗ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ.

ಹಟ ಹಿಡಿದು ಅವಳನ್ನು ಕಲಬುರಗಿಗೆ ಕರೆತಂದೆ. ಹಲ್ಲಿನ ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದರು. ಹಲ್ಲು ಬೆಳೆದಿರಲಿಲ್ಲ, ವಸಡು ಹಿಂದೆ ಸರಿದಿತ್ತು. ಬುಡದಲ್ಲಿ ಗಟ್ಟಿಯಾದ ಕೊಳೆಯಿಂದ ರೋಗ ಒಳಗಿನ ಎಲುಬನ್ನೇ ತಿನ್ನುತ್ತಿತ್ತು. ತಂಬಾಕು ಅದನ್ನು ವಾಸಿ ಮಾಡಿರಲಿಲ್ಲ, ರಕ್ತವನ್ನಷ್ಟೇ ಅಡಗಿಸಿತ್ತು. ಸರಿದ ವಸಡು ತಾನಾಗಿ ಮರಳುವುದಿಲ್ಲ, ಆದರೆ ಬುಡ ಸ್ವಚ್ಛ ಮಾಡಿಸಿಕೊಂಡು, ಮಿಶ್ರಿ ಬಿಟ್ಟು, ಮೆತ್ತನೆಯ ಬ್ರಷ್‌ನಿಂದ ಎರಡು ಹೊತ್ತು ತಿಕ್ಕಿದರೆ ಉಳಿದ ಹಲ್ಲುಗಳನ್ನಾದರೂ ಉಳಿಸಬಹುದು ಅಂದರು. ಅವತ್ತು ಒಂದು ಬದಿ ಸ್ವಚ್ಛ ಮಾಡಿ, ಇನ್ನೊಂದಕ್ಕೆ ಮುಂದಿನ ವಾರ ಬರಹೇಳಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಮಿಶ್ರಿ ಬಿಟ್ಟ ಮೇಲೆ ಕೆಲವು ದಿನ ರಕ್ತ ಬರಬಹುದು, ಹೆದರಬಾರದೆಂದು ಅವರಿಗೆ ತಿಳಿಸಿ ಹೇಳಿ ಅಂದರು. ಹೂಂ ಅಂದೆ. ಆಮೇಲೆ ಬಸ್ಸಿನ ಗಡಿಬಿಡಿ... ಹೇಳಲಿಲ್ಲ. ನನ್ನ ಬಾಯಿಗೆ ಆಗ ಏನು ಬಡಿದಿತ್ತೋ!

ಎಂಟು ದಿನಕ್ಕೆ ಕರೆದೊಯ್ಯಲು ಹೋದೆ. ದೊಡ್ಡವ್ವ ಕೊಟ್ಟ ಮಾತಿನಂತೆ ಮಿಶ್ರಿ ಮುಟ್ಟಿರಲಿಲ್ಲ. ಮೂಲೆಯಲ್ಲಿ ಬಾಯಿಗೆ ಸೆರಗು ಒತ್ತಿ ಕೂತಿದ್ದಳು. ಸೆರಗು ಕೆಂಪಾಗಿತ್ತು.

"ಮಲ್ಕೊಂಡಿದ್ದ ರೋಗಾನ ನೀ ಎಬ್ಬಿಸಿದಿ ನೋಡು. ಈಗ ಅದು ಮಲ್ಕೋವಲ್ದು," ಅಂದಳು.

"ರಗತ ಬರ್ತದಂತ ಡಾಕ್ಟರ್ ಮೊದ್ಲೇ ಹೇಳಿದ್ರು ದೊಡ್ಡವ್ವ. ನಾನೇ ಹೇಳೂದು ಮರ್ತೆ."

ಕಾಲ ಮಿಂಚಿದ ಮೇಲೆ ಆಡಿದ ಮಾತನ್ನು ಯಾರು ನಂಬುತ್ತಾರೆ? ನನ್ನ ಮೇಲೆ ನೆಟ್ಟ ಕಣ್ಣು ಕೀಳದೆ ಡಬ್ಬಿ ತೆಗೆದು ಮಿಶ್ರಿ ಹಚ್ಚಿಕೊಂಡಳು. ಕೆಲವು ದಿನಕ್ಕೆ ರಕ್ತ ನಿಂತಿತಂತೆ. ಮತ್ತೆ ಅವಳು ಕಲಬುರಗಿಗೆ ಬರಲಿಲ್ಲ. ಹೋದಾಗಲೆಲ್ಲ ಗೂಡಿನ ಸಾಲು ತುಂಬುತ್ತಿತ್ತು.

ಕಳೆದ ವರ್ಷ ತೀರಿಕೊಂಡಳು. ನಮ್ಮ ಪದ್ಧತಿಯಂತೆ ಗೋಡೆಗೆ ಒರಗಿಸಿ ಕೂರಿಸಿ ವಿಭೂತಿ ಹಚ್ಚಿದ್ದರು. ಬಾಯಿ ಪೂರ್ತಿ ಒಳಗೆ ಸೇದಿಹೋಗಿ, ಒಂದು ಗಳಿಗೆ ಯಾರ ಮನೆಗೆ ಬಂದೆನೋ ಎನಿಸಿತು. ಸೊಸೆ ಹಲ್ಲುಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅವಳ ಮಡಿಲಲ್ಲಿಟ್ಟಳು. ಗಂಟು ಬಿಗಿಯುವಾಗ ಅವು ಕಟಕಟ ಅಂದವು. ನಾನು ಎದ್ದು ಹೊರಗೆ ಹೋದೆ.

ಈಗ ಯಾರಾದರೂ ಮಿಶ್ರಿ ಬಿಡುತ್ತೇನೆ ಅಂದರೆ ಸಾಕು, ಮೊದಲು ರಕ್ತದ ಮಾತು ಹೇಳುತ್ತೇನೆ. ಹುಚ್ಚಿಯನ್ನು ನೋಡಿದಂತೆ ನೋಡುತ್ತಾರೆ, ನೋಡಲಿ. ಕಲಬುರಗಿಯಿಂದ ಕಮಲಾಪುರಕ್ಕೆ ಬಸ್ಸಿನಲ್ಲಿ ಒಂದು ತಾಸು. ಅವತ್ತು ಡಾಕ್ಟರಮ್ಮನ ಹತ್ತಿರದಿಂದ ಮರಳುವಾಗ ದೊಡ್ಡವ್ವನ ಮಗ್ಗುಲಲ್ಲೇ ಕೂತಿದ್ದೆ. ಮಹಾಗಾಂವ ದಾಟಿ, ಊರು ಬಂದು ಇಳಿಯುವ ತನಕ ತೊಗರಿ ಬೆಳೆಯ ಮಾತಾಡಿದೆ.